ಟೇಪಿಗೆ ಮುಟ್ಟದ ಊರುಗಳು

ಬಾಗಿಲಿಗೆ ಬೀಗ ಹಾಕಿ, ಹತ್ತು ಹೆಜ್ಜೆ ಹೋಗಿ, ತಿರುಗಿ ಬಂದು ಜಗ್ಗಿ ನೋಡುವ ಪೈಕಿ ನಾನು. ನೆನಪನ್ನು ನಂಬದೆ ದಿನಚರಿ ಬರೆಯುತ್ತೇನೆ. ಬರೆದದ್ದನ್ನು ಓದಿದರೆ ಅದರ ಮೇಲೂ ಅನುಮಾನ. ಇಂಥವನನ್ನು ಎಂಬತ್ತರ ದಶಕದ ಕೊನೆಗೆ ಗಂಗಾವತಿಯ ಒಂದು ಕಾಲುವೆ ಕಚೇರಿಯಲ್ಲಿ ಕಂಪ್ಯೂಟರಿಗೆ ಕಾವಲು ಕೂರಿಸಿದರು.

ಅದು ದೊಡ್ಡ ಯುನಿಕ್ಸ್ ಯಂತ್ರ. ಯಾವ ಊರಿನ ಯಾವ ರೈತನಿಗೆ ಯಾವ ದಿನ ನೀರಿನ ಪಾಳಿ ಎಂಬುದೆಲ್ಲ ಅದರ ಹೊಟ್ಟೆಯಲ್ಲಿತ್ತು. ಹೊಟ್ಟೆ ಕೆಟ್ಟರೆ ಗತಿಯೇನು? ಅದಕ್ಕೇ ವಾರಕ್ಕೊಮ್ಮೆ ಟೇಪಿನ ಮೇಲೆ ಇನ್ನೊಂದು ಪ್ರತಿ. ಪ್ರತಿ ತೆಗೆಯಲು ಮೂರು ಸಲಕರಣೆಗಳಿದ್ದವು: ಟಾರ್, ಸಿಪಿಐಒ, ಡಂಪ್. ಟಾರ್ ಸರಳ, ಎಲ್ಲವನ್ನೂ ಒಂದೇ ಗಂಟು ಕಟ್ಟುತ್ತದೆ. ಸಿಪಿಐಒ ಕಿರಿಕಿರಿಯದು, ಏನೇನು ಕಟ್ಟಬೇಕೆಂದು ಹೆಸರು ಹಿಡಿದು ಹೇಳಬೇಕು, ಟೇಪು ತುಂಬಿದರೆ ಇನ್ನೊಂದು ಕೊಡು ಎನ್ನುತ್ತದೆ. ಡಂಪ್ ಇಡೀ ಮನೆಯನ್ನೇ ಎತ್ತಿಕೊಳ್ಳುತ್ತದೆ, ಆದರೆ ಎತ್ತುವಾಗ ಒಳಗೆ ಯಾರೂ ಓಡಾಡಬಾರದು, ಯಂತ್ರದ ಕೆಲಸವೆಲ್ಲ ನಿಲ್ಲಬೇಕು. ಮೂರರ ಗುಣದೋಷ ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ. ಮದುವೆಗೆ ಒಪ್ಪಲು ನನಗೆ ಅರ್ಧ ದಿನ ಸಾಕಾಗಿತ್ತು. ಇದಕ್ಕೆ ಆರು ತಿಂಗಳಾದರೂ ತೀರ್ಮಾನವಿಲ್ಲ. ಅಲ್ಲಿಯವರೆಗೆ ಇರಲಿ ಎಂದು ಟಾರ್‌ನಿಂದಲೇ ನಡೆಸಿದ್ದೆ. ಅದನ್ನು ಶುರುಮಾಡಿ ಚಹಾಕ್ಕೆ ಹೋಗಿಬಿಡುತ್ತಿದ್ದೆ.

ಒಂದು ಶನಿವಾರ ನಮ್ಮ ಸಾಹೇಬರು ಕರೆದರು.

"ಟೇಪ್ ಎಲ್ಲಾ ಬರೋಬರಿ ಅದಾವು ಅಂತ ಒಂದು ಸಹಿ ಹಾಕ್ರಿ. ಪಾಳಿ ಬರೆದ ಹಳೇ ರಿಜಿಸ್ಟರ್ ರದ್ದಿಗೆ ಹಾಕಿ ಆ ಖೋಲಿಯೊಳಗ ನಾ ಕುಂದರ್ತೀನಿ. ಇಲ್ಲಿ ಭಾಳ ಸೆಕಿ."

"ಇನ್ನೊಂದು ವಾರ ಕೊಡ್ರಿ ಸಾಹೇಬ್ರ."

"ಯಾಕ್ರಿ, ಟೇಪಿಗೇನು ಹೆರಿಗಿ ಆಗೂದೈತೇನು?"

ಮರುದಿನ ತಳಕಲ್ಲಿನ ದೊಡ್ಡವ್ವನ ಮನೆಗೆ ಹೋದೆ. ದಿನಚರಿ ತಳಕಲ್ ಎನ್ನುತ್ತದೆ. ಕುಷ್ಟಗಿಯಲ್ಲಿದ್ದ ಅವಳ ಮಗಳ ಮನೆ ಇರಬೇಕೆಂದು ನನ್ನ ನೆನಪು. ಯಾವುದೋ ಒಂದು. ಬಿತ್ತನೆಯ ಜೋಳವನ್ನು ದೊಡ್ಡವ್ವ ಮೂರು ಕಡೆ ಇಡುತ್ತಿದ್ದಳು: ಸ್ವಲ್ಪ ನೆಲದೊಳಗಿನ ಹಗೇವಿನಲ್ಲಿ, ಸ್ವಲ್ಪ ಬೂದಿ ಬೆರೆಸಿ ಗಡಿಗೆಯಲ್ಲಿ, ಉಳಿದದ್ದು ತೆನೆಯಾಗಿಯೇ ಜಂತಿಗೆ. ನನ್ನ ಟೇಪಿನ ಗೋಳನ್ನೆಲ್ಲ ಹೇಳಿ, ಮೂರರಲ್ಲಿ ಯಾವುದು ಛಲೋ ಎಂದು ಕೇಳಿದೆ.

"ಇಟ್ಟರ ಹ್ಯಾಂಗ ಗೊತ್ತಾಕೈತೋ ತಮ್ಮಾ? ಒಂದೊಂದು ಹಿಡಿ ತಗದು ಒದ್ದಿ ಅರಿವ್ಯಾಗ ಕಟ್ಟಿ ನೋಡ್ತೀನಿ. ಮೊಳಕಿ ಬಂದದ್ದು ಬಿತ್ತೂದು, ಬರಲಾರದ್ದು ಬೀಸೂದು. ನಿನ್ನ ರೀಲಿಂದು ಕಟ್ಟಿ ನೋಡೀಯೇನು?"

ಆರು ತಿಂಗಳಲ್ಲಿ ಒಂದು ಟೇಪನ್ನೂ ನಾನು ತಿರುಗಿ ಓದಿ ನೋಡಿರಲಿಲ್ಲ.

ಸೋಮವಾರ ಯಂತ್ರದ ಖಾಲಿ ಜಾಗವೊಂದಕ್ಕೆ ಟೇಪಿನಿಂದ ಪಟ್ಟಿ ಇಳಿಸಿ, ರಿಜಿಸ್ಟರಿನೊಂದಿಗೆ ತಾಳೆ ನೋಡುತ್ತ ಹೋದೆ. ಕಾಲುವೆಯ ಬಾಯಿಯ ಊರುಗಳೆಲ್ಲ ಇದ್ದವು. ನಡುವಿನವೂ ಇದ್ದವು. ಕೊನೆಯ ಏಳು ಊರು ಇರಲಿಲ್ಲ. ಪಟ್ಟಿ ಕಾಲುವೆ ಹರಿದ ಹಾಗೇ ಮೇಲಿನಿಂದ ಕೆಳಕ್ಕಿತ್ತು. ಟೇಪು ತುಂಬಿದಲ್ಲಿಗೆ ಟಾರ್ ನಿಂತುಬಿಟ್ಟಿತ್ತು. ಪರದೆಯ ಮೇಲೆ ಒಂದು ಸಾಲು ಹೇಳಿಯೂ ಇದ್ದಿರಬೇಕು, ಕೇಳಲು ನಾನು ಅಲ್ಲಿರಲಿಲ್ಲ. ಹಿಂದಿನ ವಾರಗಳ ಟೇಪುಗಳನ್ನೂ ಹಾಕಿ ನೋಡಿದೆ. ಎಲ್ಲದರಲ್ಲೂ ಅದೇ ಏಳು. ಮೇಲಿನವರು ಭತ್ತಕ್ಕೆ ಕಟ್ಟಿಕೊಂಡು ಉಳಿದಷ್ಟೇ ನೀರು ಆ ಊರುಗಳಿಗೆ ಮುಟ್ಟುವುದು. ನನ್ನ ಟೇಪಿಗೂ ಅವು ಮುಟ್ಟಿರಲಿಲ್ಲ. ಸಹಿ ಹಾಕಿ, ರಿಜಿಸ್ಟರು ರದ್ದಿಗೆ ಹೋಗಿ, ಒಂದು ದಿನ ಯಂತ್ರವೂ ಕೆಟ್ಟಿದ್ದರೆ, ಪಾಳಿ ಕೇಳಿ ಬಂದವರಿಗೆ ನಿಮ್ಮ ಹೆಸರೇ ಇಲ್ಲ ಎನ್ನಬೇಕಾಗುತ್ತಿತ್ತು.

ಸಾಹೇಬರಿಗೆ ಹೇಳಿದೆ.

"ಹಂಗಾರ ನಾ ಇಲ್ಲೇ ಬೇಯಬೇಕೇನ್ರಿ? ಯಾವ ಊರು ಬಿಟ್ಟಾವು?"

ಹೇಳುತ್ತ ಹೋದೆ. ಐದನೆಯದಕ್ಕೆ ಅವರು ಕೈಯೆತ್ತಿದರು.

"ಅದು ನಮ್ಮ ಮಾವನ ಊರ್ರಿ. ರಿಜಿಸ್ಟರ್ ಅಲ್ಲೇ ಇರ್ಲಿ. ಒಂದು ಫ್ಯಾನ್ ತರಸ್ರಿ."

ಕೊನೆಗೆ ಸಿಪಿಐಒ ಆರಿಸಿದೆ. ಕಿರಿಕಿರಿಯದಾದರೂ ಇನ್ನೊಂದು ಟೇಪು ಕೇಳುತ್ತದಲ್ಲ. ಕೊನೆಯ ಊರುಗಳನ್ನು ಮೊದಲು ಕಟ್ಟುವಂತೆ ಹೆಸರು ಕೊಟ್ಟೆ, ಪ್ರತಿ ಸೋಮವಾರ ಹಿಡಿಯಷ್ಟು ತಿರುಗಿ ಇಳಿಸಿ ನೋಡುತ್ತ ಬಂದೆ.

ಆ ಗುಂಗಿನಲ್ಲೇ ಹಳೆಯ ದಿನಚರಿಗಳನ್ನೂ ತೆಗೆದು ಓದಿದೆ. ಬೆಳಗಿನ ಚಹಾ, ಬಸ್ಸು, ಕಚೇರಿ ಎಲ್ಲ ವಿವರವಾಗಿವೆ; ಪುಟದ ಕೊನೆಗೆ ಬರುವಷ್ಟರಲ್ಲಿ ನನಗೆ ಬೇಸರ ಬಂದಿರುತ್ತದೆ, ಸಂಜೆಗೆ ಬರೀ "ಇತ್ಯಾದಿ". ಮಗಳು ಚಿಕ್ಕವಳಿದ್ದ ವರ್ಷವೆಲ್ಲ ಸಂಜೆ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕಾಲುವೆಯ ದಂಡೆಗೆ ಹೋಗುತ್ತಿದ್ದೆನಂತೆ. ಹೆಂಡತಿ ಹೇಳುತ್ತಾಳೆ. ನನ್ನಲ್ಲಿ ಅದರ ಪ್ರತಿ ಇಲ್ಲ.

ಈಗ ಸಂಜೆಯಿಂದಲೇ ಬರೆಯಲು ಶುರುಮಾಡುತ್ತೇನೆ. ಬೆಳಗಿನ ಚಹಾ ಬಿಟ್ಟುಹೋದರೆ ಹೋಗಲಿ.