ಓಡಬೇಡ, ನಡೆದು ಬಾ

ಸಂಜೆ ಹೆಂಡತಿ ಅಂಗಳದ ಕಾದ ಮಣ್ಣಿಗೆ ನೀರು ಚಿಮುಕಿಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ, ಮಾರಾಯರೇ, ನಾನು ಅಂಗಳದಲ್ಲೇ ಉಳಿಯಲಿಲ್ಲ. ನಿಮಗದು ಮಣ್ಣಿನ ಪರಿಮಳ. ನನಗೆ ತೊಂಬತ್ತರ ದಶಕದ, ಸೌದಿಯ ದಮ್ಮಾಮಿನ ಒಂದು ಶುಕ್ರವಾರ. ಅಲ್ಲಿ ಅಮೆರಿಕನ್ನರು ವಾಸಿಸುವ ಕಾಂಪೌಂಡಿನಲ್ಲಿ ಬೇಸ್‌ಬಾಲ್ ಆಟಕ್ಕೆ ಮುಂಚೆ ಹೀಗೆಯೇ ಧೂಳಿಗೆ ನೀರು ಹಾಕುತ್ತಿದ್ದರು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವ. ವೆಲ್ಡಿಂಗ್ ಕಲಿತು, ದುಡಿದು, ತಮ್ಮ ಸುಧಾಕರನನ್ನು ಕಾಲೇಜಿಗೆ ಕಳಿಸಿದವ. ಇದನ್ನು ಸ್ವಲ್ಪ ದೊಡ್ಡ ಸ್ವರದಲ್ಲೇ ಹೇಳುತ್ತೇನೆ. ಅವನು ಓದಿದ್ದು ಅಷ್ಟಕ್ಕಷ್ಟೆ. ಆದರೆ ನೂರು ಮೀಟರ್ ಓಟ, ಉದ್ದಜಿಗಿತ, ಜಾವೆಲಿನ್, ಯಾವುದಕ್ಕೆ ನಿಲ್ಲಿಸಿದರೂ ಪದಕ. ಅವನ ಭುಜ ನೋಡಿ ಪಿ.ಟಿ. ಮಾಸ್ಟ್ರು ಬೇಸ್‌ಬಾಲ್ ತಂಡಕ್ಕೂ ಎಳೆದುಕೊಂಡರು. ಪದಕಗಳಿಂದ ಕೆಲಸ ಮಾತ್ರ ಸಿಗಲಿಲ್ಲ. ಕೊನೆಗೆ ದಮ್ಮಾಮಿನಲ್ಲಿ ನಾನು ವೆಲ್ಡರ್ ಆಗಿದ್ದ ಯಾರ್ಡಿಗೇ ಪೈಪು ಹೊರಲು ಬಂದ.

ಆ ಯಾರ್ಡೂ ಮುಚ್ಚುವುದರಲ್ಲಿತ್ತು. ಅವನ ಇಕಾಮಾ, ಅಂದರೆ ಅಲ್ಲಿ ಇರುವ ಪರವಾನಗಿ, ನವೀಕರಿಸುವುದಿಲ್ಲ ಎಂದು ನಮ್ಮ ಅರಬ್ಬಿ ಧಣಿ ಕಫೀಲ್ ಹೇಳಿಯಾಗಿತ್ತು. ಆಗಲೇ ಕಾಂಪೌಂಡಿನ ಕ್ಲಬ್ ಮ್ಯಾನೇಜರಿಗೆ ಮಕ್ಕಳಿಗೆ ಓಟ, ಆಟ ಕಲಿಸಲು ಒಬ್ಬ ಬೇಕಿತ್ತು. ತಮ್ಮನಿಗೆ, ಶುಕ್ರವಾರ ನಮ್ಮ ತಂಡಕ್ಕೆ ಆಡು, ನೋಡುತ್ತೇನೆ ಎಂದಿದ್ದ. ಗೆದ್ದರೆ ಕೆಲಸ, ಇಲ್ಲವಾದರೆ ಊರಿನ ವಿಮಾನ.

"ಹೆದರಿಕೆ ಉಂಟಾ?" ಎಂದು ದಾರಿಯಲ್ಲಿ ಕೇಳಿದೆ.

"ನನಗೆಂತ ಹೆದರಿಕೆ? ನೀನೇ ಗೇರು ತಪ್ಪಿಸ್ತಾ ಇದ್ದೀಯಲ್ಲ ಅಣ್ಣ, ಗಾಡಿ ಸರಿ ಬಿಡು."

ಕೊನೆಯ ಸರದಿ, ಎರಡೂ ಕಡೆ ಸಮ ಸಮ. ಸುಧಾಕರ ಬೀಸಿದ ಏಟಿಗೆ ಚೆಂಡು ದೂರದ ಬೇಲಿಗೆ ಹೋಗಿ ಬಡಿಯಿತು. ಬ್ಯಾಟು ಬಿಸಾಡಿ ಓಡಿದ. ಈ ಆಟದಲ್ಲಿ ಒಂದು ಸುತ್ತು ಓಡಿ, ಹೊರಟಲ್ಲಿಗೇ ಬಂದು, ನೆಲಕ್ಕೆ ಸಮವಾಗಿ ಕೂರಿಸಿದ ಬಿಳಿ ಹಲಗೆಯನ್ನು ಮೆಟ್ಟಬೇಕು. ಅದಕ್ಕೆ ಮೊದಲು ಎದುರಾಳಿ ಚೆಂಡನ್ನು ಮೈಗೆ ಮುಟ್ಟಿಸಿದರೆ ಔಟ್. ಹಲಗೆಯ ಮುಂದೆ ಎದುರಾಳಿಗಳ ಧಡೂತಿ ಕ್ಯಾಚರ್, ಬೇಲಿಯಿಂದ ಎಸೆದ ಚೆಂಡು ಹಿಡಿದು ಅಡ್ಡ ಕೂತಿದ್ದ. ತಮ್ಮ ಉದ್ದಜಿಗಿತದವನಲ್ಲವೇ, ಅವನ ಕೈಗೆ ಸಿಗದೆ ಮೇಲಿಂದಲೇ ಹಾರಿದ.

ಜನ ಬೊಬ್ಬೆ ಹಾಕಿದರು. ಅಂಪೈರ್ ಮಾತ್ರ ಅಲ್ಲಾಡಲಿಲ್ಲ. ಬೇಲಿಯ ಹೊರಗೆ, ಹಲಗೆಯ ನೇರಕ್ಕೇ ನಿಂತಿದ್ದ ನನಗೆ ಕಂಡಿತು: ಕಾಲು ಹಲಗೆ ದಾಟಿ ಬಿದ್ದಿದೆ. ಮೆಟ್ಟಿಲ್ಲ. ಇವನೋ ನಗುತ್ತಾ ಆಚೆ ಹೋಗುತ್ತಿದ್ದಾನೆ. ಕ್ಯಾಚರ್ ಸೋತೆನೆಂದು ತಲೆ ತಗ್ಗಿಸಿದ್ದಾನೆ, ಆದರೆ ಚೆಂಡು ಇನ್ನೂ ಅವನ ಕೈಯಲ್ಲೇ ಇದೆ. ಕೂಗಿದರೆ ಕ್ಯಾಚರನಿಗೂ ತಿಳಿಯುತ್ತದೆ. ಆಮೇಲೆ ಹೊಳೆಯಿತು, ಅವನಿಗೆಲ್ಲಿ ಕನ್ನಡ ಬರುತ್ತದೆ?

"ಹಲಗೆ ಮೆಟ್ಟಲಿಲ್ಲ ಮಾರಾಯ! ಓಡಬೇಡ! ಬ್ಯಾಟು ಹೆಕ್ಕುವವನ ಹಾಗೆ ನಡೆದು ಬಾ!"

ಸುಧಾಕರ ನಿಂತ. ತಿರುಗಿದ. ಕತ್ತಿನ ಬೆವರು ಒರೆಸಿಕೊಂಡ. ಊಟ ಮುಗಿಸಿ ಕೈ ತೊಳೆಯಲು ಹೊರಟವನ ಹಾಗೆ ಬಂದ. ಬ್ಯಾಟು ಎಂಬ ಒಂದು ಶಬ್ದ ಅರ್ಥವಾಗಿ ಕ್ಯಾಚರ್ ಬ್ಯಾಟಿನ ಕಡೆ ನೋಡಿದ. ಇವನು ಅವನ ಪಕ್ಕದಲ್ಲೇ ಬಗ್ಗಿ ಅದನ್ನು ಹೆಕ್ಕಿದ. ಹೆಕ್ಕುತ್ತಲೇ ಬಲಗಾಲನ್ನು ಹಲಗೆಯ ಮೇಲಿಟ್ಟ. ಅಂಪೈರ್ ಎರಡೂ ಕೈ ಅಗಲಕ್ಕೆ ಚಾಚಿದ: ಔಟಲ್ಲ, ಗೆದ್ದಾಯಿತು.

ನಿನ್ನ ಅಣ್ಣ ಏನು ಕೂಗಿದ ಎಂದು ಮ್ಯಾನೇಜರ್ ಕೇಳಿದನಂತೆ. "ಸಾಮಾನು ಬಿಸಾಡಿ ಹೋದರೆ ಅಣ್ಣನಿಗೆ ಆಗುವುದಿಲ್ಲ, ಸರ್" ಎಂದನಂತೆ ಇವನು. ಕೆಲಸ ಸಿಕ್ಕಿತು.

ಈಗಲೂ ನೆಂಟರ ನಡುವೆ ಆ ಕತೆ ಹೇಳುವಾಗ ತಮ್ಮ ನನ್ನ ಕೂಗನ್ನು ನುಂಗಿಬಿಡುತ್ತಾನೆ. ಇಷ್ಟು ವರ್ಷ ಅದು ನನಗೆ ಚುಚ್ಚುತ್ತಿತ್ತು. ಇವತ್ತು ಬರೆಯುತ್ತಾ ಕೂತಾಗ ಬೇರೆಯೇ ಒಂದು ಕಾಣುತ್ತಿದೆ. ಕೂಗಲಿಕ್ಕೆ ಗಂಟಲಿದ್ದರೆ ಸಾಕು. ಆದರೆ ಓಡಿ ಓಡಿಯೇ ಗೆದ್ದವನಿಗೆ, ಎಲ್ಲವೂ ಕೈಜಾರುವ ಹೊತ್ತಿನಲ್ಲಿ, ನಡೆದು ಬರುವುದು ಎಷ್ಟು ಕಷ್ಟವಾಗಿರಬೇಡ!

ನಾಡಿದ್ದು ಅವನು ಬರುತ್ತಾನೆ. ಕತೆ ಅವನೇ ಹೇಳಲಿ. ನಾನು ನಡುವೆ ಬಾಯಿ ಹಾಕುವುದಿಲ್ಲ.