ನಾನು ತೊಳೆದ ಕೊಳ

ಕೆಸರಣ್ಣ ಎಂದು ಆತನಿಗೆ ಹೆಸರಿಟ್ಟವಳು ನಾನೇ. ಹೊಗಳಿ ಇಟ್ಟದ್ದಲ್ಲ, ರೇಗಿ ಇಟ್ಟದ್ದು. ನಾನು ಆಗಷ್ಟೇ ಒರೆಸಿದ್ದ ವಿಹಾರದ ವರಾಂಡದ ಮೇಲೆ, ಬಾಗಿಲಿನಿಂದ ನಲ್ಲಿಯವರೆಗೆ, ಆತ ಕೆಸರುಗಾಲಿನ ಹನ್ನೊಂದು ಹೆಜ್ಜೆ ಮೂಡಿಸಿದ್ದ. ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಹೇಳಿಕೊಟ್ಟವಳು, ಬೈಯುವ ಮೊದಲು ಎಣಿಸದೆ ಬಿಡುತ್ತೇನೆಯೇ?

“ಏನ್ ಕೆಸರಣ್ಣ, ಕಾಲು ತೊಳ್ಕೊಂಡು ಬರೋಕಾಗಲ್ವ ನಿಮಗೆ?” ಎಂದೆ.

“ತೊಳ್ಕೊಳ್ಳೋಕೇ ನಲ್ಲಿ ಹತ್ರ ಹೋಗ್ತಿದ್ದೆ ಮೇಡಂ,” ಎಂದ.

ಹೆಸರು ಆತನಿಗೆ ಹಿಡಿಸಿಬಿಟ್ಟಿತು. ಮಾರನೆಯ ದಿನದಿಂದ ಫೋನ್ ಎತ್ತಿದರೆ “ಹಲೋ, ಕೆಸರಣ್ಣ ಮಾತಾಡೋದು” ಎನ್ನತೊಡಗಿದ. ಇನ್ನು ಬೈದು ಪ್ರಯೋಜನವಿರಲಿಲ್ಲ.

ನಮ್ಮದು ಸಣ್ಣ ಬೌದ್ಧ ವಿಹಾರ. ಪ್ರಾರ್ಥನೆಗೆ ಒಂದು ಕೋಣೆ, ಮಕ್ಕಳ ತರಗತಿಗೆ ಒಂದು, ಹಿರಿಯ ಭಿಕ್ಷು ಭಂತೇಜಿಗೆ ಒಂದು, ಹಿತ್ತಲಿನಲ್ಲಿ ಒಂದಿಷ್ಟು ತಗ್ಗು ಜಾಗ. ಕೆಸರಣ್ಣ ಅಲ್ಲಿಗೆ ಮೊದಲು ಬಂದದ್ದು ಧರ್ಮ ಕೇಳುವುದಕ್ಕಲ್ಲ, ಕಟ್ಟಿಕೊಂಡ ಕಕ್ಕಸಿನ ಪೈಪು ಬಿಡಿಸುವುದಕ್ಕೆ. ನಗರಸಭೆಯ ಒಳಚರಂಡಿ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದ ಮನುಷ್ಯ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇದ್ದರೂ ಜನ ನಿಂತೇ ಬರುತ್ತಿದ್ದರಂತೆ. “ಆರಾಮಾಗಿ ಕಾಲು ಚಾಚ್ಕೊಂಡು ಬರ್ತಿದ್ದೆ,” ಎಂದು ಅದನ್ನೂ ನಗುತ್ತಲೇ ಹೇಳುತ್ತಿದ್ದ. ಪೈಪು ಬಿಡಿಸಿದ ದಿನ ಭಂತೇಜಿ ಆತನಿಗೆ ತಾವೇ ಚಹಾ ಮಾಡಿಕೊಟ್ಟು, ಪಕ್ಕದಲ್ಲೇ ಕೂತು ಕುಡಿದರು. ಆತ ಲೋಟ ಕೆಳಗಿಟ್ಟು ಹಿತ್ತಲನ್ನು ನೋಡಿ, “ಇಲ್ಲೊಂದು ಕೊಳ ಮಾಡಿದ್ರೆ ಹೇಗೆ ಸ್ವಾಮೀ?” ಎಂದನಂತೆ. ರಜೆಯ ದಿನಗಳಲ್ಲಿ ಬಂದು, ಒಬ್ಬನೇ ನಿಂತು ತೋಡಿದ.

ಆತನ ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ಗಂಡ ಕೊಳ ತೋಡಿದ್ದು ಕೇಳಿ, ತವರಿಗೆ ಹೋದವಳು ಅಲ್ಲಿನ ಕೆರೆಯಿಂದ ಬಿಳಿ ಕಮಲದ ಒಂದು ಗೆಡ್ಡೆಯನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದಳು. ತಾನೇ ಇಳಿದು ನೆಟ್ಟಳು. ಆ ಒಂದು ಗೆಡ್ಡೆ ಕೆಸರಿನೊಳಗೆ ಹರಡಿ ಹರಡಿ ಕೊಳದ ತುಂಬ ಆಯಿತು. ಬೇಸಿಗೆಯ ಬೆಳಗಿನಲ್ಲಿ ನಲವತ್ತು ಐವತ್ತು ಹೂವು ಒಟ್ಟಿಗೆ ಬಿರಿಯುತ್ತಿದ್ದವು. ಅಷ್ಟು ಬಿಳುಪನ್ನು ನಾನು ಹೊಸ ಸುಣ್ಣದ ಗೋಡೆಯಲ್ಲೂ ಕಂಡಿಲ್ಲ.

ನನ್ನ ಭಾನುವಾರದ ತರಗತಿಯ ಕಿಟಕಿ ಕೊಳದ ಕಡೆಗೇ ತೆರೆಯುತ್ತದೆ. ಸೊಂಟದ ಮಟ್ಟ ನೀರಿನಲ್ಲಿ ನಿಂತು ಒಣಗಿದ ಎಲೆ ಕೀಳುತ್ತ ಕೆಸರಣ್ಣ ನನ್ನ ಪಾಠಕ್ಕೆಲ್ಲ ಕಿವಿ ಕೊಡುತ್ತಿದ್ದ, ಬೇಡದಿದ್ದರೂ ಬಾಯಿ ಹಾಕುತ್ತಿದ್ದ. ಒಮ್ಮೆ ನಾಲ್ಕು ಆರ್ಯಸತ್ಯಗಳನ್ನು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತಿದ್ದೆ: ದುಃಖವಿದೆ, ದುಃಖಕ್ಕೆ ಕಾರಣವಿದೆ, ದುಃಖ ನಿಲ್ಲುತ್ತದೆ, ನಿಲ್ಲಿಸುವ ದಾರಿಯಿದೆ.

“ನಮ್ ಕೆಲ್ಸಾನೂ ಇದೇ ಮಕ್ಳೇ,” ಎಂದು ಕಿಟಕಿಯಲ್ಲಿ ತಲೆ ಕಾಣಿಸಿತು. “ಚರಂಡಿ ಕಟ್ಟಿದೆ ಅಂತ ಮೊದ್ಲು ಒಪ್ಕೋಬೇಕು. ಯಾಕೆ ಕಟ್ತು ಅಂತ ನೋಡ್ಬೇಕು. ಬಿಡಿಸ್ಬಹುದು ಅಂತ ನಂಬ್ಬೇಕು. ಆಮೇಲೆ ಕೋಲು ಹಿಡಿದು ಇಳೀಬೇಕು. ಮೂರರ ತನಕ ಎಲ್ರೂ ಬರ್ತಾರೆ. ನಾಲ್ಕನೇದ್ರಲ್ಲಿ ನೋಡಿ, ಒಬ್ಬೊಬ್ರೇ ಜಾರ್ಕೋತಾರೆ.”

ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಗದರಿದೆ. ಆದರೆ ಪರೀಕ್ಷೆಯಲ್ಲಿ ಆ ಪ್ರಶ್ನೆಯನ್ನು ಆ ವರ್ಷ ಯಾರೂ ತಪ್ಪು ಮಾಡಲಿಲ್ಲ.

ಇನ್ನೊಂದು ಸಲ ಗೋಡೆಗೆ ತೂಗುಹಾಕಲು ಎಂಟು ಎಸಳಿನ ಕಮಲ ಬರೆದು, ಎಸಳಿಗೊಂದರಂತೆ ಅಷ್ಟಾಂಗ ಮಾರ್ಗವನ್ನು ತುಂಬಿದ್ದೆ: ಸರಿಯಾದ ನೋಟ, ಸರಿಯಾದ ಸಂಕಲ್ಪ, ಸರಿಯಾದ ಮಾತು ಎಂದು ಎಂಟೂ. ಕೈವಾರ ಹಿಡಿದು ಬರೆದದ್ದು, ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಕೆಸರಣ್ಣ ಬಹಳ ಹೊತ್ತು ನೋಡಿದ.

“ಭಾಳ ಚೆನ್ನಾಗಿದೆ ಮೇಡಂ. ಆದ್ರೆ ಕೆಳಗೆ ಏನೂ ಇಲ್ವಲ್ಲ? ಹೂವು ಗಾಳೀಲಿ ನಿಂತಿದೆ.”

“ಶುದ್ಧಿಯ ಪಾಠ ಇದು. ಇದ್ರಲ್ಲಿ ಕೆಸರು ಯಾಕೆ?” ಎಂದು ಬಾಯಿ ಮುಚ್ಚಿಸಿದೆ.

ಆತ ಒಂದು ಎಲೆಯ ದಂಟು ಮುರಿದು ತೋರಿಸಿದ. ಒಳಗೆ ಸಣ್ಣ ಸಣ್ಣ ಕೊಳವೆಗಳು. “ಮೇಲಿಂದ ಗಾಳಿ ಹೀರಿ ಕೆಳಗೆ ಗೆಡ್ಡೆಗೆ ಕಳಿಸುತ್ತೆ ಇದು. ಮೂವತ್ತು ವರ್ಷ ಪೈಪ್ ಜೊತೆ ಇದ್ದೋನು ನಾನು, ಇಷ್ಟು ಅಚ್ಚುಕಟ್ಟಾದ ಪೈಪ್‌ಲೈನ್ ಎಲ್ಲೂ ನೋಡಿಲ್ಲ. ಕೆಸರಲ್ಲಿರೋ ಗೆಡ್ಡೇನ ಮೇಲಿನ ಎಲೆ ಮರೆತಿಲ್ಲ ನೋಡಿ.” ನನಗೆ ಆಗ ಅದು ತಲೆಗೆ ಹೋಗಲಿಲ್ಲ. ವರಾಂಡದ ಮೇಲೆ ನೀರು ತೊಟ್ಟಿಕ್ಕುತ್ತಿತ್ತು, ನನ್ನ ಕಣ್ಣು ಅಲ್ಲಿತ್ತು.

ಒಂಬತ್ತು ವರ್ಷದ ಹಿಂದೆ ಆತನ ಹೆಂಡತಿ ತೀರಿಕೊಂಡಳು. ಮೂರನೆಯ ದಿನವೇ ಕೆಸರಣ್ಣ ಕೊಳಕ್ಕೆ ಬಂದ. ಅಳಲಿಲ್ಲ, ಯಾರ ಹತ್ತಿರವೂ ತೋಡಿಕೊಳ್ಳಲಿಲ್ಲ. ಆದರೆ ಅಂದಿನಿಂದ ಪ್ರತಿ ಬೆಳಗ್ಗೆ ದಡದಲ್ಲಿ ಕುಕ್ಕರಗಾಲಿನಲ್ಲಿ ಕೂತು ಹೂವಿಗೆ ಮನೆಯ ವರದಿ ಒಪ್ಪಿಸತೊಡಗಿದ. ಗ್ಯಾಸ್ ಮುಗೀತು. ಪಕ್ಕದ ಮನೆಯವರು ಮನೆ ಖಾಲಿ ಮಾಡಿದ್ರು. ನಿನ್ನ ಹಸಿರು ಕೊಡೆ ಮೂಲೇಲೇ ಇದೆ. ಎಲ್ಲ ಬಲ್ಲ ಆ ಮನುಷ್ಯನಿಗೆ ಬಿಡಿಸಲಾಗದ ಒಂದು ಗಂಟಿದ್ದರೆ ಅದು ಆ ಬಿಳಿ ಕಮಲ. ಅದು ಬದುಕಿರುವ ತನಕ ಅವಳು ಪೂರ್ತಿ ಹೋಗಿಲ್ಲ ಎಂದುಕೊಂಡಿದ್ದ. ವಿಹಾರದಲ್ಲಿ ಎಲ್ಲರಿಗೂ ಇದು ಗೊತ್ತಿತ್ತು, ನನಗೂ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಹೇಳುತ್ತೇನೆ, ನಾನು ಮಾಡಿದ್ದಕ್ಕೆ ಕ್ಷಮೆಯಿಲ್ಲ.

ಎರಡು ವರ್ಷದ ಹಿಂದೆ, ಚಳಿಯ ದಿನಗಳಲ್ಲಿ, ಆತನಿಗೆ ಹರ್ನಿಯಾ ಆಪರೇಷನ್ ಆಯಿತು. ಒಂದು ತಿಂಗಳು ವಿಶ್ರಾಂತಿ ಎಂದರು. ಆತ ಬರುವಷ್ಟರಲ್ಲಿ ಕೊಳವನ್ನು ಚೊಕ್ಕಟ ಮಾಡಿ ಅಚ್ಚರಿಗೊಳಿಸಬೇಕು ಎಂಬ ಹುಕಿ ನನಗೆ ಬಂತು. ಬುದ್ಧನನ್ನು ಹೊತ್ತ ಹೂವು ರಾಡಿಯಲ್ಲಿ ಯಾಕಿರಬೇಕು? ಸಮಿತಿಯವರೆಲ್ಲ ತಲೆಯಾಡಿಸಿದರು, ಭಂತೇಜಿ ಊರಿನಲ್ಲಿರಲಿಲ್ಲ. ನೀರು ಬಸಿದು, ಕೆಸರನ್ನೆಲ್ಲ ತೋಡಿಸಿ, ಲಾರಿಯಲ್ಲಿ ಊರಾಚೆಯ ಹಳ್ಳಕ್ಕೆ ಸುರಿಸಿದೆ. ತಳಕ್ಕೂ ಗೋಡೆಗೂ ಬಿಳಿ ಟೈಲ್ಸ್ ಹಾಕಿಸಿದೆ. ಗೆಡ್ಡೆಗಳನ್ನು ಮಾತ್ರ ಕೂಲಿಯವರ ಕೈಗೆ ಕೊಡಲಿಲ್ಲ. ಅಷ್ಟು ದೊಡ್ಡ ರಾಶಿಯಲ್ಲಿ ಲಕ್ಷಣವಾಗಿದ್ದ ಹದಿನೇಳನ್ನು ಆರಿಸಿಕೊಂಡು, ಮಿಕ್ಕದ್ದನ್ನು ಕೆಸರಿನ ಜೊತೆಗೇ ಕಳಿಸಿದೆ. ಆ ಹದಿನೇಳನ್ನೂ ಹಲ್ಲುಜ್ಜುವ ಬ್ರಷ್ಷಿನಿಂದ ಸೋಪಿನ ನೀರಿನಲ್ಲಿ ಗಿಣ್ಣು ಗಿಣ್ಣು ಬಿಡದೆ ಉಜ್ಜಿದೆ. ಹುಳ ಹತ್ತದಿರಲೆಂದು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ನೆನೆಸಿದೆ. ಆಮೇಲೆ ಕನ್ನಡಿಯಂಥ ನೀರಿನ ತಳದಲ್ಲಿ, ಉರುಟು ಬಿಳಿಗಲ್ಲುಗಳ ನಡುವೆ, ಅಳತೆ ಹಿಡಿದು ಸಾಲಾಗಿ ಮಲಗಿಸಿದೆ. ನನ್ನ ಕೈಕೆಲಸಕ್ಕೆ ನಾನೇ ಮರುಳಾಗಿ ದಿನಕ್ಕೆ ನಾಲ್ಕು ಸಲ ಹೋಗಿ ನೋಡಿ ಬರುತ್ತಿದ್ದೆ.

ಕೆಸರಣ್ಣ ಹೊಟ್ಟೆ ಹಿಡಿದುಕೊಂಡು ನಿಧಾನವಾಗಿ ಬಂದ. ಕೊಳವನ್ನು ನೋಡಿದ. ದಡದಲ್ಲಿ ಕೂತು ಕೈಯಿಳಿಸಿ ಒಂದು ಗೆಡ್ಡೆ ಎತ್ತಿದ. ಬೆಂದ ಗೆಣಸಿನ ಹಾಗೆ ಅದು ಬೆರಳ ನಡುವೆ ಕುಸಿಯಿತು. ಇನ್ನೊಂದು. ಮತ್ತೊಂದು. ಹದಿನೇಳನ್ನೂ ಮುಟ್ಟಿ ನೋಡಿದ. ನೆಲ ಬಿರಿದು ನನ್ನನ್ನು ನುಂಗಬಾರದೆ ಅನ್ನಿಸಿತು.

“ಬ್ರಷ್ಷಲ್ಲಿ ಉಜ್ಜಿದ್ರಾ ಮೇಡಂ?”

“ಹೂಂ.”

“ಇಷ್ಟು ಮುತುವರ್ಜಿಯಿಂದ ಅದನ್ನ ಯಾರೂ ತೊಳೆದಿರಲಿಲ್ಲ ಬಿಡಿ.” ಅಣಕವಿರಲಿಲ್ಲ ಆ ದನಿಯಲ್ಲಿ. ಕೆನ್ನೆಗೆ ಎರಡು ಬಾರಿಸಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಕೈ ಒರೆಸಿಕೊಳ್ಳುತ್ತ ಕೇಳಿದ: “ಕೆಸರು ಎಲ್ಲಿ ಹಾಕಿಸಿದ್ರಿ?”

ಆಟೋ ಹಿಡಿದು ಹಳ್ಳಕ್ಕೆ ಹೋದೆವು. ಅಲ್ಲಿ ಕೆಸರು ಬಿಸಿಲಿಗೆ ಬಿರುಕು ಬಿಟ್ಟು ಗುಡ್ಡೆಗುಡ್ಡೆಯಾಗಿ ಬಿದ್ದಿತ್ತು. ಉಳಿದ ಗೆಡ್ಡೆಗಳೆಲ್ಲ ಅದರಲ್ಲಿ ಸೊರಗಿ ಕಡ್ಡಿಯಾಗಿದ್ದವು. ಹೊಲಿಗೆ ಹಾಕಿದ ಹೊಟ್ಟೆ, ಆತ ಬಗ್ಗುವಂತಿರಲಿಲ್ಲ. ಹಾಗಾಗಿ ಕೆದಕಿದವಳು ನಾನು. ಹುಟ್ಟಿದಾರಭ್ಯ ಉಗುರಲ್ಲಿ ಮಣ್ಣು ಸೇರಿಸದವಳು, ಮಂಡಿಯೂರಿ, ನೀರು ಚಿಮುಕಿಸಿ, ಹೆಂಟೆ ಒಡೆದು ಹಿಸುಕಿ ನೋಡಿದೆ. ಆತ ಕಲ್ಲಿನ ಮೇಲೆ ಕೂತು ಅಪ್ಪಣೆ ಕೊಟ್ಟ. “ಅಲ್ಲಲ್ಲ, ಎಡಕ್ಕೆ. ಬೆರಳಲ್ಲಿ ಹುಡುಕಿ ಮೇಡಂ, ಕಣ್ಣಲ್ಲಿ ಸಿಗಲ್ಲ ಅದು.” ಎರಡು ದಿನ ಹೀಗೆ ಕಳೆಯಿತು. ಸಿಕ್ಕಿದ್ದು ಒಂಬತ್ತು ಬೀಜ, ಗೋಲಿಯಷ್ಟು ಗಟ್ಟಿ, ಕಪ್ಪು.

“ಅಂದ್ರೆ ಮತ್ತೆ ಬರುತ್ತೆ!” ಎಂದೆ.

“ಬೀಜದ ಮಾತು ಹೇಳಕ್ಕಾಗಲ್ಲ ಮೇಡಂ. ಗೆಡ್ಡೆ ಅಂದ್ರೆ ಅದೇ ಗಿಡ, ಅವಳು ನೆಟ್ಟಿದ್ದೇ. ಬೀಜ ಅಂದ್ರೆ ಬೇರೆ ಜೀವ. ದುಂಬಿ ಯಾವ್ಯಾವ ಕೆರೆ ಸುತ್ತಿ ಬಂದಿತ್ತೋ ಏನೋ. ಬಿಳೀದೇ ಬರುತ್ತೆ ಅಂತ ಹೇಗೆ ಹೇಳೋದು?” ಒಂಬತ್ತನ್ನೂ ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ. “ಬಿಳೀದು ಬಂದ್ರೆ ಸಾಕಪ್ಪ,” ಎಂದು ತನ್ನಷ್ಟಕ್ಕೆ ಅಂದುಕೊಂಡ. ಅಂದಿನಿಂದ ಅದು ನನ್ನದೂ ಜಪವಾಯಿತು.

ಟೈಲ್ಸ್ ಒಡೆಸಿದೆವು. ಕೆಸರನ್ನು ಅದೇ ಲಾರಿಯಲ್ಲಿ ವಾಪಸ್ ತಂದೆವು. ಲಾರಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಕೆಸರಣ್ಣ ಪೈಪು ಉಜ್ಜುವ ತನ್ನ ಹಳೆಯ ಅರ ತಂದು ವರಾಂಡದಲ್ಲಿ ಕೂತ. “ಇದರ ಸಿಪ್ಪೆ ಕಲ್ಲಿನ ಥರ. ನೀರು ಒಳಗೆ ಹೋಗೋಕೆ ದಾರಿ ಮಾಡ್ಕೊಡ್ಬೇಕು. ಜಾಸ್ತಿ ಉಜ್ಜಿದ್ರೆ ಸತ್ತೋಗುತ್ತೆ, ಉಜ್ಜದೇ ಇದ್ರೆ ಎಷ್ಟು ವರ್ಷ ಬೇಕಾದ್ರೂ ಹಾಗೇ ಬಿದ್ದಿರುತ್ತೆ.” ಎರಡು ಸಲ ಉಜ್ಜುವುದು, ಬೆಳಕಿಗೆ ಹಿಡಿಯುವುದು, ಇನ್ನೊಂದು ಸಲ ಉಜ್ಜುವುದು. ಮಧ್ಯಮ ಮಾರ್ಗವನ್ನು ನಾನು ಎಷ್ಟು ವರ್ಷ ಪಾಠ ಮಾಡಿದ್ದೆನೋ ಲೆಕ್ಕವಿಲ್ಲ. ಕಣ್ಣಾರೆ ಕಂಡದ್ದು ಅಂದೇ.

ತಡೆಯಲಾರದೆ ಒಂದು ದಿನ ಭಂತೇಜಿಯನ್ನು ಕೇಳಿದೆ. “ಭಂತೇ, ಬೀಜದಿಂದ ಬರೋದು ಅದೇ ಕಮಲವೋ, ಬೇರೆಯೋ?”

“ಅದೇ ಅಂತಲೂ ಹೇಳಕ್ಕಾಗಲ್ಲ, ಬೇರೆ ಅಂತಲೂ ಹೇಳಕ್ಕಾಗಲ್ಲ ಕಣಮ್ಮ. ಅದರಿಂದ ಇದು ಬಂತು, ಅಷ್ಟೇ. ನಮ್ಮೆಲ್ಲರದೂ ಅಷ್ಟೇ.”

ಯಾವುದಾದರೂ ಹುಡುಗಿ ಉತ್ತರಪತ್ರಿಕೆಯಲ್ಲಿ ಹೀಗೆ ಬರೆದಿದ್ದರೆ ಸೊನ್ನೆ ಸುತ್ತುತ್ತಿದ್ದೆ. ನನಗೆ ಬೇಕಿದ್ದದ್ದು ಒಂದೇ ಒಂದು ಉತ್ತರ, ಬಿಳಿ.

ಒಂಬತ್ತರಲ್ಲಿ ನಾಲ್ಕು ಗಾಜಿನ ಲೋಟದಲ್ಲಿ ಮೊಳೆತವು. ಮೊಳೆತವುಗಳಲ್ಲಿ ಎರಡು ಕೊಳೆತವು. ಉಳಿದ ಎರಡನ್ನು ಕೊಳಕ್ಕೆ ಇಳಿಸಿದೆವು. ಆ ವರ್ಷ ಬರೀ ಎಲೆ. ಎರಡನೆಯ ಬೇಸಿಗೆಯಲ್ಲಿ ಒಂದು ಮೊಗ್ಗು ನೀರಿನಿಂದ ತಲೆಯೆತ್ತಿತು, ಹಚ್ಚ ಹಸಿರು. ನನಗೆ ನಿದ್ದೆ ಹಾರಿಹೋಯಿತು. ಬುದ್ಧ ವರ ಕೊಡುವವನಲ್ಲ ಎಂದು ಮಕ್ಕಳಿಗೆ ಕಲಿಸಿದ ನಾನೇ, ಯಾರೂ ಇಲ್ಲದಾಗ ಪ್ರತಿಮೆಯ ಮುಂದೆ ನಿಂತು ಬಿಳಿ, ಬಿಳಿ ಎಂದು ಬೇಡಿಕೊಂಡೆ. ಮೊಗ್ಗಿನ ತುದಿ ಕೆಂಪಗೆ ಕಂಡಾಗ, “ಬಿಳಿ ಹೂವಿನ ಮೊಗ್ಗಿಗೂ ಒಮ್ಮೊಮ್ಮೆ ತುದಿ ಕೆಂಪಿರುತ್ತೆ, ಅಲ್ವಾ?” ಎಂದೆ. “ಇರುತ್ತೆ,” ಎಂದ ಕೆಸರಣ್ಣ. ನನ್ನ ಮುಖ ನೋಡಲಿಲ್ಲ.

ಮೊನ್ನೆ ಗುರುವಾರ ಬೆಳಗ್ಗೆ ಆರೂವರೆಗೆ ಅದು ಬಿರಿಯಿತು. ಗುಲಾಬಿ ಬಣ್ಣ. ಎಲ್ಲೋ ಮಸುಕಾಗಿ, ಅನುಮಾನಕ್ಕೆ ಎಡೆಯಿರುವ ಹಾಗಲ್ಲ, ಢಾಳಾದ ಗುಲಾಬಿ.

ಕೆಸರಣ್ಣ ನೀರಿನಲ್ಲಿದ್ದ, ಮೊಣಕೈವರೆಗೆ ಕೆಸರು. ನಾನು ದಡದಲ್ಲಿ ಕುಸಿದು ಕೂತೆ. ಎರಡು ವರ್ಷ ಒಳಗೇ ಕಟ್ಟಿಕೊಂಡಿದ್ದ ಮಾತು ಹೊರಗೆ ಬಂತು. “ತಪ್ಪಾಯ್ತು ಕೆಸರಣ್ಣ. ಅವರದ್ದು ಅಂತ ಇದ್ದದ್ದು ಅದೊಂದೇ. ಅದನ್ನೂ ನಾನು ಕೊಂದುಬಿಟ್ಟೆ.”

ಆತ ಹೂವಿನ ಕಡೆಗೇ ತಿರುಗಿ ನಿಂತಿದ್ದ.

“ಅವಳು ಹೋಗಿ ಒಂಬತ್ತು ವರ್ಷ ಆಯ್ತು ಮೇಡಂ. ನೀವು ಕೊಳ ತೊಳೆದಾಗ ಹೋಗಿದ್ದಲ್ಲ. ನಾನೇ ಒಪ್ಕೊಂಡಿರ್ಲಿಲ್ಲ.” ಆಮೇಲೆ, ತುಂಬ ಮೆಲ್ಲಗೆ, ಹೂವಿಗೇ ಹೇಳುವ ಹಾಗೆ ಅಂದ: “ಹೋಗಿಬಿಟ್ಟಿದಾಳೆ.”

ಅವಳ ಮಣ್ಣಿನ ದಿನವೂ ಅಳದಿದ್ದ ಮನುಷ್ಯ ಬಿಕ್ಕಿ ಬಿಕ್ಕಿ ಅತ್ತ. ಕಣ್ಣೊರೆಸಿಕೊಳ್ಳೋಣವೆಂದರೆ ಎರಡೂ ಕೈ ಕೆಸರು. ಎತ್ತಿದ ಕೈಯನ್ನು ಏನು ಮಾಡಬೇಕೋ ತಿಳಿಯದೆ ಹಾಗೇ ಹಿಡಿದುಕೊಂಡು ನಿಂತ. ನಾನು ಚಪ್ಪಲಿ ಬಿಟ್ಟು, ಉಟ್ಟ ಬಟ್ಟೆಯಲ್ಲೇ ನೀರಿಗಿಳಿದೆ. ಕಾಲು ಮಂಡಿಯ ತನಕ ಕೆಸರಿನಲ್ಲಿ ಹೂತುಕೊಂಡಿತು. ಇಸ್ತ್ರಿ ಮಾಡಿ ನಾಲ್ಕು ಮಡಿಕೆ ಮಡಿಸಿದ್ದ ಕರ್ಚೀಫು ಬಿಚ್ಚಿ, ಆತನ ಕಣ್ಣು, ಕೆನ್ನೆ, ಗದ್ದ ಎಲ್ಲ ಒರೆಸಿದೆ.

“ನಿಮ್ ಕರ್ಚೀಫು ಹಾಳಾಯ್ತಲ್ಲ ಮೇಡಂ,” ಎಂದ.

“ಆಗ್ಲಿ ಬಿಡಿ,” ಎಂದು ಮತ್ತೆ ಒರೆಸಿದೆ.