ಲಾಭದಿಂದ ಹತ್ತರವರೆಗೆ

ಅಂಗನವಾಡಿಗೆ ಹೋಗುವ ಮುನ್ನ ಮಗುವಿಗೆ ಒಂದರಿಂದ ಹತ್ತರವರೆಗೆ ಎಣಿಸಲು ಬರಬೇಕು ಎಂಬುದು ನನ್ನ ನಂಬಿಕೆ. ಮಾನ್ವಿಯ ಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಒಂದನೆಯ ತರಗತಿಗೆ ಪಾಠ ಹೇಳಿ, ಸ್ವಯಂನಿವೃತ್ತಿ ಪಡೆದು ರಾಯಚೂರಿನ ಮನೆ ಸೇರಿದ ಮೇಲೂ ಅದು ಸಡಿಲಲಿಲ್ಲ. ಆದ್ದರಿಂದ ದೇವದುರ್ಗದಲ್ಲಿರುವ ನನ್ನ ಮಗಳು ತನ್ನ ಮೂರೂವರೆ ವರ್ಷದ ಕೂಸನ್ನು ಒಂದು ತಿಂಗಳು ನಮ್ಮಲ್ಲಿ ಬಿಟ್ಟಾಗ, “ಎಣಿಕಿ ಕಲಿಸಿಯೇ ಕಳಸ್ತೀನಿ” ಎಂದು ಮಾತು ಕೊಟ್ಟೆ.

ಹತ್ತು ಹುಣಸೆಬೀಜಗಳನ್ನು ತೊಳೆದು, ಒರೆಸಿ, ಸಮಾನ ಅಂತರದಲ್ಲಿ ಸಾಲಾಗಿಟ್ಟೆ. ಮೊಮ್ಮಗಳು ಮೊದಲನೆಯದರ ಮೇಲೆ ಬೆರಳಿಟ್ಟು ಕೂಗಿದಳು: “ಲಾಭ!”

ಅಪರಾಧಿಯನ್ನು ಹುಡುಕಬೇಕಾಗಿರಲಿಲ್ಲ. ನನ್ನ ಯಜಮಾನರಿಗೆ ಗಂಜಿನಲ್ಲಿ, ಅಂದರೆ ಊರಿನ ಕಾಳಿನ ಪೇಟೆಯಲ್ಲಿ, ಜೋಳದ ಅಂಗಡಿ. ಕಾಳು ಅಳೆಯುವಾಗ ಅವರು ಮೊದಲ ಸೇರನ್ನು ಒಂದು ಎನ್ನುವುದಿಲ್ಲ. ಶುಭವಾಗಲೆಂದು ಲಾಭ ಎನ್ನುತ್ತಾರೆ. ಅನಂತರವೇ ಎರಡು, ಮೂರು. ಮೊಮ್ಮಗಳು ದಿನವೂ ಸಂಜೆ ಆ ರಾಶಿಯ ಪಕ್ಕದಲ್ಲೇ ಕೂರುತ್ತಿದ್ದಳು.

“ಕೂಸಿಗೆ ಏನು ಕಲಿಸೀರಿ?” ಎಂದು ಗದರಿದೆ.

“ನಾ ಎಲ್ಲಿ ಕಲಿಸೀನಿ? ಅಳಿಯಾಕತ್ತಿದ್ದೆ, ಅದು ಕಲ್ತುಬಿಡ್ತು. ನಿನ್ನ ಸಾಲ್ಯಾಗ ಯಾರರೆ ಇಷ್ಟು ಲಗೂ ಕಲ್ತಿದ್ರೇನು?”

ನಾನು ತಿದ್ದಲು ತೊಡಗಿದೆ. ಲಾಭ ಅಲ್ಲ, ಒಂದು. ಲಾಭ ಅಲ್ಲವ್ವಾ, ಒಂದು. ಮೂರನೆಯ ದಿನ ಮೊಮ್ಮಗಳು ಬೀಜಗಳನ್ನೆಲ್ಲ ಮಂಚದ ಕೆಳಗೆ ತಳ್ಳಿ, ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಅಂದಿನಿಂದ ಮನೆಯಲ್ಲಿ ಸಂಖ್ಯೆಗಳೇ ಮಾಯ. ಬಿಸ್ಕೀಟು ಎಷ್ಟು ಬೇಕೆಂದರೆ “ಭಾಳ”. ರೊಟ್ಟಿ ಎಷ್ಟೆಂದರೆ “ತಾತಂದಷ್ಟು”.

ನಗು ಬಂದರೂ ಒಳಗೊಳಗೇ ಹೆದರಿದೆ. ನನ್ನ ತರಗತಿಯಲ್ಲಿ ನೂರರವರೆಗೆ ಒಪ್ಪಿಸುತ್ತಿದ್ದ ಮಕ್ಕಳು, ಐದು ಸೀಮೆಸುಣ್ಣ ತನ್ನಿರೆಂದರೆ ಮುಷ್ಟಿ ತುಂಬ ತರುತ್ತಿದ್ದರು. ಇವಳೋ ತಾತ ಅಳೆಯುವಾಗ ಒಂದು ಸೇರಿಗೆ ಒಂದೇ ಮಾತು ಹೇಳುತ್ತಿದ್ದಳು, ಹೆಚ್ಚಿಲ್ಲ ಕಡಿಮೆಯಿಲ್ಲ. ಎಣಿಕೆಯ ತಿರುಳು ಬಂದಿದ್ದ ಮಗುವಿನ ಬಾಯಿಯನ್ನು ನಾನೇ ಮುಚ್ಚಿಸಿದ್ದೆ. ಅದು ಹಾಗೆಯೇ ಮುಚ್ಚಿಕೊಂಡು ಅಂಗನವಾಡಿಗೆ ಹೋದರೆ?

ಮರುದಿನ ಸಂಜೆ ಮೊಮ್ಮಗಳನ್ನು ಕರೆದುಕೊಂಡು ಅಂಗಡಿಗೆ ಹೋಗಿ ಸೇರು ಕೇಳಿದೆ.

“ಯಾಕ, ಅಂಗಡಿ ನೀನಽ ನಡಸ್ತೀ ಏನು?” ಎಂದರು ಯಜಮಾನರು.

ಜೋಳದ ರಾಶಿಯ ಮುಂದೆ ಕುಳಿತು, ಸೇರು ತುಂಬಿ, ಗಂಟಲು ಸರಿಮಾಡಿಕೊಂಡು “ಲಾಭ” ಎಂದೆ. ಮೊಮ್ಮಗಳು ತಿರುಗಿ ನೋಡಿದಳು. “ಎರಡು” ಎಂದೆ. ಬಳಿಕ ಬೇಕೆಂದೇ “ನಾಕು” ಎಂದೆ.

“ಅಜ್ಜೀ! ಮೂರು ಬಿಟ್ಟಿ! ಚೆಲ್ಲು, ಮತ್ತ ಮೊದಲಿಂದ ಸುರು ಮಾಡು!”

ಧಾಟಿ ಯಥಾವತ್ತಾಗಿ ನನ್ನದೇ. ಸೇರನ್ನು ಕಸಿದುಕೊಂಡು, ಅರ್ಧ ಜೋಳ ನನ್ನ ಸೀರೆಯ ಮೇಲೆ ಸುರಿಯುತ್ತ, ಅವಳು ಹತ್ತರವರೆಗೆ ಅಳೆದಳು. ಯಜಮಾನರು ಲೆಕ್ಕದ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು ನಕ್ಕರು.

ಅವಳು ದೇವದುರ್ಗಕ್ಕೆ ಮರಳಿ ಅಂಗನವಾಡಿ ಸೇರಿದ ವಾರಕ್ಕೆ ಮಗಳ ಫೋನು ಬಂತು.

“ಯವ್ವಾ, ನಿನ್ನ ಮೊಮ್ಮಗಳು ಮಕ್ಕಳನ್ನ ಎಣಿಸಾಕತ್ತಾಳ. ಮುಂದ ನಿಂತಾಕಿಗೆ ಲಾಭ ಅಂದಾಳ. ಈಗ ಎಲ್ಲಾರಿಗೂ ಲಾಭನಽ ಆಗಬೇಕಂತ, ಎರಡು ಆಗಾಕ ಯಾರೂ ಒಲ್ಲರು! ಟೀಚರು ಸಾಕಾಗಿ ಕುಂತಾರ. ನೀನರೆ ತಿದ್ದಿ ಹೇಳು.”

ಫೋನು ಮೊಮ್ಮಗಳ ಕೈಗೆ ಹೋಯಿತು. ತಿದ್ದುವ ಮಾತು ನಾಲಗೆಯ ತುದಿಯಲ್ಲಿತ್ತು, ನುಂಗಿಕೊಂಡೆ. “ಇವತ್ತ ಎಷ್ಟು ಮಂದಿ ಬಂದಿದ್ರವ್ವಾ?”

“ಒಂಬತ್ತು. ಒಬ್ಬಾಕಿಗೆ ಜ್ವರ ಬಂದಾವ. ಅಕಿ ಬಂದ್ರ ಹತ್ತು.”

“ಹಂಗಾರ ದಿನಾ ಒಬ್ಬೊಬ್ಬರನ್ನ ಲಾಭ ಮಾಡು. ಹತ್ತು ದಿನಕ್ಕ ಎಲ್ಲಾರ ಪಾಳಿ ಮುಗೀತದ.”

ಆ ಕಡೆಯಿಂದ “ಲಾಭ, ಎರಡು, ಮೂರು” ಎಂಬ ಗೊಣಗು ಕೇಳಿಸಿತು. ಬೆರಳುಗಳ ಮೇಲೆ ಲೆಕ್ಕ ನಡೆದಿರಬೇಕು.

“ಆಗ್ಲಿ ಅಜ್ಜೀ. ಆದ್ರ ಆ ಹತ್ತು ದಿನದಾಗ ಲಾಭದ ದಿನ ನಂದು.”